ಕ್ರೈಸ್ತ ಪ್ರಾರ್ಥನೆಗೆ ಒಬ್ಬರು ಬೇಕಿತ್ತು

ಅಕ್ಟೋಬರ್ ಎರಡಕ್ಕೆ ನಮ್ಮ ಶಾಲೆಯಲ್ಲಿ ಮೂರು ಮಕ್ಕಳು ಬೇಕು. ಒಬ್ಬರು ಹಿಂದೂ ಪ್ರಾರ್ಥನೆಗೆ, ಒಬ್ಬರು ಮುಸ್ಲಿಂ ಪ್ರಾರ್ಥನೆಗೆ, ಒಬ್ಬರು ಕ್ರೈಸ್ತ ಪ್ರಾರ್ಥನೆಗೆ. ಸರ್ವಧರ್ಮ ಪ್ರಾರ್ಥನೆ ಮಾಡಿಸಿ ಎಂದು ಮೇಲಿನಿಂದ ಸುತ್ತೋಲೆ ಬರುತ್ತದೆ. ಮಕ್ಕಳನ್ನು ಹುಡುಕಿ, ಓದಿಸಿ, ತಿದ್ದಿ, ವೇದಿಕೆ ಹತ್ತಿಸುವ ಕೆಲಸ ಕನ್ನಡ ಮೇಡಂ ಆದ ನನ್ನ ತಲೆಗೆ. ಹನ್ನೊಂದು ವರ್ಷದಿಂದ ಮಾಡಿಕೊಂಡು ಬಂದಿದ್ದೇನೆ. ಸರ್ಕಾರಿ ಶಾಲೆ ಎಂದರೆ ಹೀಗಿರಬೇಕು ಎಂದು ಆ ದಿನ ನನ್ನ ಬೆನ್ನನ್ನು ನಾನೇ ತಟ್ಟಿಕೊಳ್ಳುತ್ತಿದ್ದೆ.

ಶಾಲೆ ಇರುವುದು ಕೆ.ಜಿ.ಎಫ್.ನಲ್ಲಿ, ಹಳೆಯ ಗಣಿ ಕಾರ್ಮಿಕರ ಲೈನು ಮನೆಗಳ ನಡುವೆ. ನಾನು ಹುಟ್ಟಿದ್ದು ಬೂದಿಕೋಟೆ ಕಡೆಯ ರೈತರ ಮನೆಯಲ್ಲಿ, ಈಗ ಇರುವುದು ಬಂಗಾರಪೇಟೆಯಲ್ಲಿ. ದಿನಾ ಮಾರಿಕುಪ್ಪಂ ರೈಲು ಹಿಡಿದು ಬರುತ್ತೇನೆ. ನಮ್ಮ ಮಕ್ಕಳಿಗೆ ಮನೆಯಲ್ಲಿ ತಮಿಳು, ಅಂಗಡಿಯಲ್ಲಿ ತೆಲುಗು, ನನ್ನ ಮುಂದೆ ಮಾತ್ರ ಕನ್ನಡ. ಪತ್ರಲೇಖನ ಕಲಿಸುವಾಗ ನಾನು ಬಲು ಗಟ್ಟಿ. ವಿಷಯ, ಉಲ್ಲೇಖ, ಇಂತಿ ತಮ್ಮ ವಿಧೇಯ ಎಲ್ಲ ಆದಮೇಲೆ ಪೆನ್ನು ಕೆಳಗಿಡಿಸಿ, ಬರೆದದ್ದನ್ನು ಇನ್ನೊಮ್ಮೆ ಓದಿಸುತ್ತೇನೆ. ನಿಜವಿದ್ದರೆ ಸಹಿ ಹಾಕು, ಇಲ್ಲದಿದ್ದರೆ ಹರಿದು ಹಾಕು ಎನ್ನುತ್ತೇನೆ. ಜ್ವರವಿಲ್ಲದೆ ಜ್ವರ ಎಂದು ರಜೆ ಚೀಟಿ ಬರೆದವರನ್ನು ಬೆಂಚಿನ ಮೇಲೆ ನಿಲ್ಲಿಸಿದ್ದೂ ಉಂಟು. ನನ್ನ ಹಿಂದೆ ಮಕ್ಕಳು ಈ ಮಾತನ್ನು ನನ್ನದೇ ದನಿಯಲ್ಲಿ ಅಣಕಿಸುತ್ತಾರೆ.

ಹೋದ ವರ್ಷ ಕ್ರೈಸ್ತ ಪ್ರಾರ್ಥನೆಗೆ ಮಗು ಹುಡುಕುವಾಗ ದಾಖಲಾತಿ ಪುಸ್ತಕ ತೆಗೆದು ನೋಡಿದೆ. ಹತ್ತನೇ ತರಗತಿಯಲ್ಲಿ ಧರ್ಮದ ಕಾಲಮ್ಮಿನ ಪ್ರಕಾರ ಒಬ್ಬರೂ ಕ್ರೈಸ್ತರಿಲ್ಲ. ನನಗೆ ನಗು ಬಂತು. ಭಾನುವಾರ ವಿಶೇಷ ತರಗತಿ ಇಟ್ಟರೆ ಹನ್ನೊಂದೂವರೆಯವರೆಗೆ ಅರ್ಧ ಬೆಂಚು ಖಾಲಿ. ಆಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆಯಲ್ಲಿ ಒಬ್ಬೊಬ್ಬರೇ ಬಂದು ಕೂರುತ್ತಾರೆ. ಎಲ್ಲಿಗೆ ಹೋಗಿದ್ದಿರಿ ಎಂದು ನಾನು ಕೇಳುವುದಿಲ್ಲ, ಅವರು ಹೇಳುವುದಿಲ್ಲ. ಲೈನಿನ ಒಂದೇ ಮನೆಯೊಳಗೆ ಅತ್ತೆ ಮಾರಿಯಮ್ಮನಿಗೆ ಅಂಬಲಿ ಕಾಯಿಸುತ್ತಾಳೆ, ಸೊಸೆ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಾಳೆ, ಸಂಜೆ ಇಬ್ಬರೂ ಒಟ್ಟಿಗೆ ಕೂತು ಸೀರಿಯಲ್ ನೋಡುತ್ತಾರೆ. ಕಾಗದದಲ್ಲಿ ಮಾತ್ರ ಎಲ್ಲರೂ ಹಿಂದೂ, ಪರಿಶಿಷ್ಟ ಜಾತಿ.

ಆ ಜಾತಿಯವರು ಕ್ರೈಸ್ತರಾದರೆ ಜಾತಿ ಪ್ರಮಾಣಪತ್ರ ಸಿಗುವುದಿಲ್ಲ ಎಂಬ ಕಾನೂನು ನನಗೂ ಗೊತ್ತಿತ್ತು. ಗೊತ್ತಿತ್ತು ಅಂದರೆ, ರೈಲಿನಲ್ಲಿ ಸರಪಳಿ ಎಳೆಯಬಾರದು ಎಂಬುದು ಗೊತ್ತಿರುವಷ್ಟು. ಅದು ಒಂದು ದಿನ ಯಾವುದಾದರೂ ಮಗುವಿನ ಕೊರಳಿಗೆ ಬೀಳಬಹುದು ಎಂದು ಯೋಚಿಸಿಯೇ ಇರಲಿಲ್ಲ. ನಮ್ಮ ಮನೆಯವರು ಯಾವ ದೇವರಿಗೆ ಕೈ ಮುಗಿದರೆಂದು ಯಾವ ಕಚೇರಿಯೂ ಇವತ್ತಿನವರೆಗೆ ಕೇಳಿಲ್ಲ.

ಭಾನುವಾರ ಬಿಳಿ ಬಟ್ಟೆಯಲ್ಲಿ ಬರುವವರಲ್ಲಿ ಒಬ್ಬ ಹುಡುಗಿಯನ್ನು ಆರಿಸಿದೆ, ಅವಳ ಕಂಠಕ್ಕಾಗಿ. ಬೆಳಗಿನ ಪ್ರಾರ್ಥನೆಯಲ್ಲಿ ಅವಳು ಮೊದಲ ಸಾಲು ಎತ್ತಿಕೊಟ್ಟರೆ ಇಡೀ ಶಾಲೆ ಸರಿಯಾಗಿ ಹಾಡುತ್ತಿತ್ತು. ಮನೆಯಲ್ಲಿ ತಂದೆ ಇಲ್ಲ, ಅಜ್ಜಿ ಇದ್ದಾಳೆ. ತಾಯಿ ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋಗಿ ಆಸ್ಪತ್ರೆಯೊಂದರಲ್ಲಿ ಹೌಸ್‌ಕೀಪಿಂಗ್ ಮಾಡುತ್ತಾಳೆ. ರಜೆಯಲ್ಲಿ ಅಮ್ಮನ ಜೊತೆ ಆ ಆಸ್ಪತ್ರೆಗೆ ಹೋಗಿ, ಕಿಟಕಿಯಾಚೆ ರಕ್ತ ಪರೀಕ್ಷೆ ಮಾಡುವವರನ್ನು ನೋಡಿ ಬಂದಿದ್ದ ಹುಡುಗಿಗೆ ತಾನೂ ಲ್ಯಾಬ್ ಟೆಕ್ನಿಷಿಯನ್ ಆಗಬೇಕೆಂಬ ಹಟ ಹಿಡಿದಿತ್ತು. ತರಗತಿಯಲ್ಲಿ ಯಾರಿಗಾದರೂ ಗಾಯವಾದರೆ ಮೊದಲು ಓಡಿ ಹೋಗಿ ನೋಡುವವಳೂ ಅವಳೇ.

ಪ್ರಾರ್ಥನೆಗೆ ನೀನೇ ಎಂದಾಗ ಅವಳು ನೆಲ ನೋಡುತ್ತ ನಿಂತಳು.

"ಬೇಡ ಮಿಸ್. ಅಮ್ಮ ಬೈತಾರೆ."

ನಾನು ಅದನ್ನು ವೇದಿಕೆಯ ಭಯ ಎಂದುಕೊಂಡೆ. ಭಾನುವಾರ ಅಷ್ಟು ಜನರ ಮುಂದೆ ಹಾಡುವವಳಿಗೆ ಇಲ್ಲೇನು ಧಾಡಿ ಎಂದು ರೇಗಿಸಿದೆ. ಮಿಸ್ ಮಾತು ಮೀರುವ ಹುಡುಗಿಯಲ್ಲ ಅವಳು. ಒಂದು ವಾರ ಪಕ್ಕದಲ್ಲಿ ಕೂರಿಸಿಕೊಂಡು ಅಲ್ಪಪ್ರಾಣ, ಮಹಾಪ್ರಾಣ ಎಲ್ಲ ತಿದ್ದಿದೆ. ಆ ದಿನ ಅವಳು ಕಣ್ಣು ಮುಚ್ಚಿಕೊಂಡು ಪ್ರಾರ್ಥನೆ ಹೇಳಿದಾಗ, ಸದಾ ಗದ್ದಲದ ಎಂಟನೇ ತರಗತಿಯೂ ಸುಮ್ಮನಾಯಿತು. ಉಳಿದಿಬ್ಬರು ಪಾಠ ಒಪ್ಪಿಸಿದ್ದರು, ಇವಳು ನಿಜವಾಗಿ ಪ್ರಾರ್ಥಿಸಿದಳು. ನನಗೆ ಎಂಥ ಹೆಮ್ಮೆಯೆಂದರೆ, ಮೂವರ ಫೋಟೊ ತೆಗೆದು ಶಾಲೆಯ ವಾಟ್ಸಾಪ್ ಗುಂಪಿಗೆ ಹಾಕಿದೆ. ಒಂದೊಂದರ ಕೆಳಗೂ ಒಂದೊಂದು ಸಾಲು ಬರೆದೆ. ಅವಳ ಫೋಟೊ ಕೆಳಗೆ ಬರೆದದ್ದು, 'ನಮ್ಮ ಶಾಲೆಯ ಕ್ರೈಸ್ತ ವಿದ್ಯಾರ್ಥಿನಿಯಿಂದ ಪ್ರಾರ್ಥನೆ.' ಎಲ್ಲರೂ ಹೆಬ್ಬೆರಳು ಎತ್ತಿದರು.

ಪರೀಕ್ಷೆಯಲ್ಲಿ ಅವಳಿಗೆ ಒಳ್ಳೆಯ ಅಂಕ ಬಂತು. ಕೋಲಾರದಲ್ಲಿ ಡಿಪ್ಲೊಮಾ ಸೀಟಿಗೆ ಅರ್ಜಿ ಹಾಕಿದಳು. ಜಾತಿ ಪ್ರಮಾಣಪತ್ರ ಇದ್ದರೆ ಸೀಟು ಉಂಟು, ಇಲ್ಲದಿದ್ದರೆ ಇಲ್ಲ. ಬೇರೆ ದಾರಿ ಆ ಮನೆಗೆ ಇರಲಿಲ್ಲ. ಹಳೆಯ ಪ್ರಮಾಣಪತ್ರ ಆನ್‌ಲೈನಿನಲ್ಲಿ ಸಿಗಲಿಲ್ಲವೆಂದು ಹೊಸದಾಗಿ ಅರ್ಜಿ ಕೊಟ್ಟರು. ಕೆಲವೇ ದಿನಗಳಲ್ಲಿ ತಾಲ್ಲೂಕು ಕಚೇರಿಯಿಂದ ಶಾಲೆಗೆ ಕಾಗದ ಬಂತು. ಈ ವಿದ್ಯಾರ್ಥಿನಿ ಕ್ರೈಸ್ತ ಧರ್ಮ ಪಾಲಿಸುತ್ತಿದ್ದಾಳೆ ಎಂದು ದೂರು ಬಂದಿದೆ, ಶಾಲೆಯ ವಿವರಣೆಯನ್ನೂ ವಿದ್ಯಾರ್ಥಿನಿಯ ಲಿಖಿತ ಹೇಳಿಕೆಯನ್ನೂ ಕಳುಹಿಸಿ ಎಂದಿತ್ತು. ದೂರು ಕೊಟ್ಟವರ ಹೆಸರು ಇರಲಿಲ್ಲ, ಲಗತ್ತು ಇತ್ತು. ನಾನು ತೆಗೆದ ಫೋಟೊ, ಅದರ ಕೆಳಗೆ ನನ್ನ ಸಾಲು. 'ಕ್ರೈಸ್ತ ವಿದ್ಯಾರ್ಥಿನಿ' ಎಂಬ ಎರಡು ಪದಗಳಿಗೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. ಮಕ್ಕಳ ತಪ್ಪಿಗೆ ನಾನು ಹಾಕುವಂಥದೇ ಸುತ್ತು.

ಬೇಡ ಮಿಸ್ ಎಂದಿದ್ದು ಆಗ ಕಿವಿಗೆ ಬಿತ್ತು.

ಅವತ್ತು ಮಧ್ಯಾಹ್ನ ಊಟ ಬಿಟ್ಟು ಎರಡು ಪುಟ ವಿವರಣೆ ಬರೆದೆ. ಪ್ರಾರ್ಥನೆ ಮಾಡಿಸಿ ಎಂದ ಸರ್ಕಾರದವರು ನೀವೇ, ಮೂರು ಧರ್ಮದ ಮಕ್ಕಳು ಬೇಕೆಂದವರೂ ನೀವೇ, ಬಾಯಿ ತೆರೆದು ಪ್ರಾರ್ಥಿಸಿದ ಮಗುವಿನ ಮೇಲೆ ಈಗ ತನಿಖೆ ಎಂದರೆ ಏನರ್ಥ ಎಂದು ಕೇಳಿದ್ದೆ. ಒಳ್ಳೆಯ ಕನ್ನಡವೇ ಆಗಿತ್ತು. ಮುಖ್ಯೋಪಾಧ್ಯಾಯರು ಬಂಗಾರಪೇಟೆ ಪಕ್ಕದ ಹಳ್ಳಿಯವರು, ನಿವೃತ್ತಿಗೆ ಹತ್ತಿರವಾದವರು, ಕೆಟ್ಟವರಲ್ಲ. ಪೂರ್ತಿ ಓದಿ ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಕೈಗೇ ಕೊಟ್ಟರು.

"ನಿಮ್ ನ್ಯಾಯ ಬರ್ಕಂಡು ಕುಂತ್ರೆ ಆ ಮಗೀನ ಸೀಟು ಓಯ್ತದೆ ಮೇಡಂ. ಅವರಿಗೆ ಏನು ಬೇಕೋ ಅದನ್ನ ಬರೀರಿ."

ನಾನು ಜಗಳಕ್ಕೇ ನಿಂತೆ. ಇದೇ ಕಟ್ಟಡದಲ್ಲಿ ಪರೀಕ್ಷೆಗೆ ಮುಂಚೆ ಶಾರದಾ ಪೂಜೆ ಮಾಡಿ ತೆಂಗಿನಕಾಯಿ ಒಡೆಯುತ್ತೇವಲ್ಲ, ಅದಕ್ಕೆ ಯಾರಾದರೂ ಇವತ್ತಿನವರೆಗೆ ವಿವರಣೆ ಕೇಳಿದ್ದಾರಾ ಎಂದೆ. ಅವರ ಮುಖ ಅರಳಿತು. ನನ್ನ ವಾದಕ್ಕಲ್ಲ. ಶಾರದಾ ಪೂಜೆಯ ಫೋಟೊದಲ್ಲಿ ಆ ಹುಡುಗಿ ಇದ್ದಾಳಾ ಎಂದು ಕೇಳಿದರು.

ಇದ್ದಳು. ನನ್ನದೇ ಫೋನಿನಲ್ಲಿ ಇದ್ದಳು. ಹಣೆಯಲ್ಲಿ ಅಗಲವಾದ ಕುಂಕುಮ, ಕೈಯಲ್ಲಿ ಆರತಿ ತಟ್ಟೆ. ಚೆನ್ನಾಗಿ ಹಾಡುತ್ತಾಳೆಂದು ಆ ತಟ್ಟೆಯನ್ನೂ ನಾನೇ ಅವಳ ಕೈಗೆ ಕೊಟ್ಟಿದ್ದೆ. ರಾಬರ್ಟ್‌ಸನ್‌ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಅದರ ಕಲರ್ ಪ್ರಿಂಟ್ ತೆಗೆಸಿ ಸಾಕ್ಷಿ ಎಂದು ಲಗತ್ತಿಸಿದೆವು. ಒಂದು ಫೋಟೊ ಅವಳನ್ನು ಕ್ರೈಸ್ತಳು ಎನ್ನುತ್ತಿತ್ತು, ಇನ್ನೊಂದು ಹಿಂದೂ ಎನ್ನುತ್ತಿತ್ತು. ಎರಡರಲ್ಲೂ ಅವಳು ನಿಂತಿದ್ದು ನಾನು ನಿಲ್ಲಿಸಿದ ಜಾಗದಲ್ಲಿ. ಸರ್ಕಾರಿ ಶಾಲೆಗೆ ಆರತಿ ತಟ್ಟೆ ಯಾಕೆ ಬಂತು ಎಂದು ನಾನೂ ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಹೇಳಿಕೆ ಬರೆಸುವ ದಿನ ತಾಯಿ ಕೆಲಸಕ್ಕೆ ರಜೆ ಹಾಕಿ ಮಗಳ ಜೊತೆ ಬಂದಳು. ನಾನು ಏನೋ ಕ್ಷಮೆಯ ಮಾತು ತೊದಲಿದೆ. ಅವಳು ಅದಕ್ಕೆ ಬಿಡಲಿಲ್ಲ.

"ನಿಮ್ಮನ್ನ ಬೈಯಾಕೆ ಬಂದಿಲ್ಲ ಟೀಚರಮ್ಮ. ಏನು ಬರೀಬೇಕೋ ಬರೆಸ್ಕೊಡಿ. ಸಾಮಿ ಕೋಪ ಮಾಡ್ಕೊಳಲ್ಲ, ಆಫೀಸ್ನೋರು ಮಾಡ್ಕೋತಾರೆ."

ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಸ್ಟಾಫ್ ರೂಮಿನ ಮೂಲೆಯ ಮೇಜಿನಲ್ಲಿ ಹುಡುಗಿಗೆ ಹಾಳೆ ಕೊಟ್ಟು, ಮೊದಲು ನಿನಗೆ ತಿಳಿದಂತೆ ಬರಿ, ಆಮೇಲೆ ತಿದ್ದೋಣ ಎಂದೆ. ಅವಳು ತಲೆ ಬಗ್ಗಿಸಿ ಬರೆದಳು. 'ನಮ್ಮ ಅಜ್ಜಿ ಮಾರಿಯಮ್ಮನ ಗುಡಿಗೆ ಹೋಗುತ್ತಾರೆ. ನಮ್ಮ ಅಮ್ಮ ಭಾನುವಾರ ಪ್ರಾರ್ಥನೆಗೆ ಹೋಗುತ್ತಾರೆ. ನಾನು ಇಬ್ಬರ ಜೊತೆಯೂ ಹೋಗುತ್ತೇನೆ. ಪ್ರಾರ್ಥನೆಯಲ್ಲಿ ಹಾಡು ಇರುತ್ತದೆ. ಹಾಡುವಾಗ ನನಗೆ ಭಯ ಇರುವುದಿಲ್ಲ.'

ಮೂರು ವರ್ಷದಲ್ಲಿ ಅವಳು ಬರೆದ ಕನ್ನಡದಲ್ಲಿ ಇಷ್ಟು ನೇರವಾದದ್ದು ಬೇರೊಂದಿರಲಿಲ್ಲ. ಒಂದು ಅಕ್ಷರವೂ ತಪ್ಪಿರಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಅಷ್ಟನ್ನೂ ಅಡ್ಡ ಹೊಡೆದೆ. ಬೇರೆ ಹಾಳೆ ಕೊಟ್ಟು ಉಕ್ತಲೇಖನದಂತೆ ಹೇಳಿ ಬರೆಸಿದೆ. ನಾನು ಯಾವುದೇ ಕ್ರೈಸ್ತ ಪ್ರಾರ್ಥನೆಗೆ ಹೋಗುವುದಿಲ್ಲ, ಆ ಧರ್ಮವನ್ನು ನಂಬುವುದಿಲ್ಲ, ವೇದಿಕೆಯಲ್ಲಿ ಹೇಳಿದ್ದು ಶಿಕ್ಷಕರ ಸೂಚನೆಯ ಮೇರೆಗೆ ಮಾತ್ರ. ನಂಬುವುದಿಲ್ಲ ಎಂಬ ಪದವನ್ನು ಉಕ್ತಲೇಖನದ ರೂಢಿಯಂತೆ ಎರಡು ಸಲ ಹೇಳಿದೆ. ಅವಳು ತಲೆ ಎತ್ತಲಿಲ್ಲ.

ಬರೆದು ಮುಗಿದ ಮೇಲೆ, ನಾನೇ ಕಲಿಸಿದಂತೆ, ಪೆನ್ನು ಕೆಳಗಿಟ್ಟಳು. ಮೊದಲಿಂದ ಕೊನೆಯವರೆಗೆ ಇನ್ನೊಮ್ಮೆ ಓದಿದಳು. ಆಮೇಲೆ ನನ್ನ ಮುಖ ನೋಡಿದಳು. ನಾನು ಕಿಟಕಿಯ ಕಡೆ ತಿರುಗಿ, ಮೈದಾನದಲ್ಲಿ ಯಾರೋ ಗಲಾಟೆ ಮಾಡುತ್ತಿದ್ದಾರೆಂದು ಸುಮ್ಮಸುಮ್ಮನೆ ಗದರಿದೆ. ಬೇಸಿಗೆ ರಜೆ, ಮೈದಾನದಲ್ಲಿ ಯಾರೂ ಇರಲಿಲ್ಲ. ತಿರುಗಿ ನೋಡುವಷ್ಟರಲ್ಲಿ ಸಹಿ ಬಿದ್ದಿತ್ತು.

ಪ್ರಮಾಣಪತ್ರ ಬಂತು, ಸೀಟೂ ಸಿಕ್ಕಿತು. ಎಲ್ಲ ಮೇಷ್ಟ್ರಿಗೂ ಚಾಕೊಲೇಟ್ ಕೊಟ್ಟು ಹೋದಳು. ಮುಖ್ಯೋಪಾಧ್ಯಾಯರು, ನೋಡಿದ್ರಾ ಮೇಡಂ, ಒಂದು ಸಾಲಿಗೆ ಎಲ್ಲಾ ಸರಿ ಓಯ್ತು ಎಂದು ನಕ್ಕರು. ನಾನೂ ನಕ್ಕೆ. ಒಂದು ಮಗುವಿನ ದಾರಿ ನೇರವಾಯಿತಲ್ಲ, ಸಾಕು ಎಂದು ನಂಬಿಕೊಂಡೆ.

ಈ ವರ್ಷವೂ ಸುತ್ತೋಲೆ ಬಂತು. ಕ್ರೈಸ್ತ ಪ್ರಾರ್ಥನೆ ಯಾರು ಹೇಳುತ್ತೀರಿ ಎಂದು ಹತ್ತನೇ ತರಗತಿಯಲ್ಲಿ ಕೇಳಿದೆ. ಒಂದು ಕೈಯೂ ಏಳಲಿಲ್ಲ. ಹಿಂದಿನ ಭಾನುವಾರ ಬಿಳಿ ಬಟ್ಟೆಯಲ್ಲಿ ತಡವಾಗಿ ಬಂದಿದ್ದವರೆಲ್ಲ ಪುಸ್ತಕದೊಳಗೆ ಮುಖ ಹುದುಗಿಸಿದ್ದರು. ನಮ್ಮ ಕ್ಲಾಸಲ್ಲಿ ಯಾರೂ ಇಲ್ಲ ಮಿಸ್ ಎಂದು ಮುಂದಿನ ಬೆಂಚಿನ ಹುಡುಗಿ ಮೆಲ್ಲಗೆ ಹೇಳಿದಳು. ಹೋದ ವರ್ಷದ ಕಥೆ ಲೈನಿಗೆಲ್ಲ ಗೊತ್ತು. ನಾನು ಒತ್ತಾಯಿಸಲಿಲ್ಲ. ಅಕ್ಟೋಬರ್ ಎರಡರಂದು ಆ ಪ್ರಾರ್ಥನೆಯನ್ನು ನಾನೇ ಓದಿದೆ. ನಾನು ಏನು ಓದಿದರೂ ನನ್ನ ಕಾಗದಪತ್ರಕ್ಕೆ ಏನೂ ಆಗುವುದಿಲ್ಲ. ಓದುತ್ತಿರುವಾಗ ಸಾಲಿನಲ್ಲಿ ಕೆಲವು ತುಟಿಗಳು ಅಲ್ಲಾಡಿದ್ದು ಕಂಡಿತು, ನಾನು ನೋಡುತ್ತಿದ್ದೇನೆಂದು ತಿಳಿದು ನಿಂತವು.

ಮಾರನೆಯ ವಾರ ಸಂಜೆ ಬಂಗಾರಪೇಟೆ ಸ್ಟೇಷನ್ನಿನಲ್ಲಿ ನಾನು ಇಳಿಯುವಾಗ ಅವಳು ಸಿಕ್ಕಳು. ಕೋಲಾರದಿಂದ ಬಸ್ಸಿನಲ್ಲಿ ಬಂದು ಮಾರಿಕುಪ್ಪಂ ರೈಲಿಗೆ ಕಾಯುತ್ತಿದ್ದಳು. ಮಡಚಿದ ಬಿಳಿ ಕೋಟು ಕೈಯಲ್ಲಿತ್ತು. ಮೈಕ್ರೋಸ್ಕೋಪಿನಲ್ಲಿ ರಕ್ತದ ಕಣ ನೋಡಿದ್ದನ್ನು ಹೇಳುವಾಗ ಕಣ್ಣು ಹೊಳೆಯಿತು. ನನಗೆ ಸಮಾಧಾನವಾಯಿತು. ಹಾಡು ಹೇಗಿದೆ, ಭಾನುವಾರ ಅಮ್ಮನ ಜೊತೆ ಹೋಗುತ್ತೀಯಾ ಎಂದು ಕೇಳಿದೆ.

ಹೋಗುವುದಿಲ್ಲ ಎಂದಳು. ಅಮ್ಮ ಒಬ್ಬಳೇ ಹೋಗುತ್ತಾಳಂತೆ. ಯಾರಾದರೂ ಮತ್ತೆ ದೂರು ಕೊಡುತ್ತಾರೆಂದು ಹೆದರಿಕೆಯಾ ಎಂದು ಕೇಳಿದೆ. ತಲೆಯಾಡಿಸಿದಳು, ಹೆದರಿಕೆ ಅಲ್ಲವಂತೆ. ಸುತ್ತ ಜನವಿದ್ದರೂ ನಾನು ದನಿ ತಗ್ಗಿಸಿ, ಅದು ಆಫೀಸಿಗೆ ಬರೆದ ಕಾಗದ ಅಷ್ಟೇ, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಹೋಗು, ಹಾಡು ಎಂದು ಹೇಳಿದೆ. ಹೆಚ್ಚುಕಡಿಮೆ ಬೇಡಿಕೊಂಡೆ. ಅವಳು ನನ್ನನ್ನು ನೋಡಿದ್ದು ಪಾಠ ಮರೆತ ಮೇಷ್ಟ್ರನ್ನು ನೋಡುವಂತೆ. ಅದರಲ್ಲಿ ಸಿಟ್ಟೂ ಇರಲಿಲ್ಲ.

"ಸಹಿ ಹಾಕ್ಬಿಟ್ಟಿದ್ದೀನಲ್ಲ ಮಿಸ್. ಇನ್ಮೇಲೆ ಅದು ನಿಜ ಆಗ್ಬೇಕಲ್ಲ."

ಅಷ್ಟರಲ್ಲಿ ಅವಳ ರೈಲು ಬಂತು. ಬತ್ತೀನಿ ಮಿಸ್ ಎಂದು ಹತ್ತಿ, ಕಿಟಕಿಯ ಪಕ್ಕ ಸೀಟು ಹಿಡಿದು ಕೂತಳು. ಇಲ್ಲದಿದ್ದರೆ ಹರಿದು ಹಾಕು ಎಂದು ನಾನು ಹೇಳಬೇಕಾಗಿದ್ದದ್ದು ಅವತ್ತು, ಆ ಮೇಜಿನ ಮುಂದೆ. ಈಗ ಆ ಕಾಗದ ನನ್ನ ಕೈಗೆ ಸಿಗುವಲ್ಲಿ ಇಲ್ಲ.