ಭಾವನ ‘ಪರವಾಗಿಲ್ಲ’

ನಮ್ಮ ಭಾವ ಒಂದು ಸಿನಿಮಾವನ್ನು ‘ಚೆನ್ನಾಗಿದೆ’ ಎಂದರೆ ಆ ಸಿನಿಮಾದ ಕಥೆ ಮುಗಿಯಿತು ಎಂದೇ ಅರ್ಥ. ಅವರ ಅಂಗಡಿಯ ಮಹಡಿಯಲ್ಲಿ ಭಾನುವಾರ ಮಧ್ಯಾಹ್ನ ಸೇರುತ್ತಿದ್ದ ನಮ್ಮ ಹನ್ನೊಂದು ಜನಕ್ಕೆ ಇದು ಗೊತ್ತಿತ್ತು. ಹೊರಗಿನವರಿಗೆ ಗೊತ್ತಿರಲಿಲ್ಲ. ಅವರ ಮಗಳಿಗೆ ನಮ್ಮೆಲ್ಲರಿಗಿಂತ ಹೆಚ್ಚು ಗೊತ್ತಿತ್ತು. ಅನಾಹುತವಾದದ್ದು ಅದರಿಂದಲೇ.

ಭಾವ ಎಂದರೆ ನನ್ನ ಅಕ್ಕನ ಗಂಡ, ಕನ್ನಡಕದ ಅಂಗಡಿಯವರು. ಅಂಗಡಿ ಎಂದರೆ ಕೆಳಗೆ ಎರಡು ಕೋಣೆ. ಮುಂದಿನದರಲ್ಲಿ ಗಾಜಿನ ಕಪಾಟುಗಳ ತುಂಬ ಫ್ರೇಮುಗಳು. ಹಿಂದಿನದರಲ್ಲಿ ಕಣ್ಣು ಪರೀಕ್ಷೆಯ ಎತ್ತರದ ಕುರ್ಚಿ, ಎದುರು ಗೋಡೆಗೆ ಅಕ್ಷರಗಳ ಫಲಕ, ಮೂಲೆಯಲ್ಲಿ ಗಾಜು ಉಜ್ಜುವ ಯಂತ್ರ. ಕುರ್ಚಿಯಲ್ಲಿ ಕೂತವರ ಮೂಗಿನ ಮೇಲೆ ಒಂದು ಭಾರವಾದ ಫ್ರೇಮು ಕೂರಿಸಿ, ಅದಕ್ಕೆ ಒಂದೊಂದೇ ಗಾಜು ಹಾಕಿ ತೆಗೆಯುತ್ತ ‘ಇದೋ? ಇದೋ?’ ಎಂದು ಕೇಳುವುದು ಅವರ ಕಸುಬು. ಮೂವತ್ತು ವರ್ಷ ಅದನ್ನೇ ಕೇಳಿ ಕೇಳಿ ಅವರಿಗೆ ಮನುಷ್ಯರ ಬಗ್ಗೆ ಒಂದು ಸಿದ್ಧಾಂತ ಹುಟ್ಟಿಕೊಂಡಿತ್ತು. ಗಾಜು ಹಾಕಿದ ತಕ್ಷಣ ‘ಚೆನ್ನಾಗಿ ಕಾಣುತ್ತೆ, ತುಂಬಾ ಚೆನ್ನಾಗಿ ಕಾಣುತ್ತೆ’ ಎನ್ನುವವರು ಸುಳ್ಳು ಹೇಳುತ್ತಾರೆ. ಅವರಿಗೆ ಕುರ್ಚಿಯಿಂದ ಏಳುವ ಆತುರ. ನಿಜವಾಗಿ ಕಂಡವರು ಒಂದು ಗಳಿಗೆ ಸುಮ್ಮನಿದ್ದು, ಕೊನೆಯ ಸಾಲನ್ನು ಮತ್ತೊಮ್ಮೆ ಓದಿ, ‘ಹಾಂ... ಪರವಾಗಿಲ್ಲ’ ಎನ್ನುತ್ತಾರೆ. ಈ ಸಿದ್ಧಾಂತವನ್ನು ಅವರು ಮಹಡಿಗೂ ಹತ್ತಿಸಿದ್ದರು.

ಮಹಡಿಯ ಮೇಲೆ ಒಂದೇ ಉದ್ದನೆಯ ಕೋಣೆ, ಮಡಚುವ ಕುರ್ಚಿಗಳು, ಸುಣ್ಣ ಬಳಿದ ಗೋಡೆಯೇ ಪರದೆ. ದೊಡ್ಡ ಚಿತ್ರಮಂದಿರಗಳು ಮೂಸಿಯೂ ನೋಡದ ಸಣ್ಣ ಸಿನಿಮಾಗಳನ್ನು, ಯಾವ ಕಂಪನಿಯ ಹಂಗೂ ಇಲ್ಲದೆ ನಾಲ್ಕಾರು ಜನ ಸೇರಿ ಮಾಡಿದಂಥವನ್ನು, ಭಾವ ಎಲ್ಲೆಲ್ಲಿಂದಲೋ ತರಿಸುತ್ತಿದ್ದರು. ಸಿನಿಮಾ ಮುಗಿದು ಕಿಟಕಿಯ ಪರದೆ ಸರಿಸಿದ ಮೇಲೆ ಪ್ರತಿಯೊಬ್ಬರೂ ಮಾತಾಡಲೇಬೇಕು. ಮೆಚ್ಚಿದ ಒಂದು ಜಾಗ, ನಿರಾಸೆಯಾದ ಒಂದು ಜಾಗ, ಎರಡನ್ನೂ ಬೆರಳಿಟ್ಟು ತೋರಿಸಬೇಕು. ‘ಒಟ್ಟಾರೆಯಾಗಿ’ ಎಂಬ ಪದ ನಿಷಿದ್ಧ. ಒಮ್ಮೆ ಒಬ್ಬ ಮುದುಕಿ ಬಸ್ಸಿಗೆ ಕಾಯುವುದನ್ನೇ ಎರಡು ಗಂಟೆ ತೋರಿಸಿದ ಸಿನಿಮಾ ಬಂದಿತ್ತು. ನಮ್ಮಲ್ಲಿದ್ದ ಕೆಮಿಸ್ಟ್ರಿ ಮೇಡಂ, ರಿಟೈರಾದರೂ ಮಾತಿನ ಆ್ಯಸಿಡ್ ತೀರದವರು, ‘ಬಸ್ಸು ಬರೋ ಹೊತ್ತಿಗೆ ನನಗೂ ಮುಪ್ಪು ಬಂತು. ಆದರೆ ಆಕೆ ಪಕ್ಕದವನ ಪೇಪರ್ ಕದ್ದು ಓದ್ತಾಳಲ್ಲ, ಅಲ್ಲಿ ನಾನು ಆಕೆಯನ್ನ ಮದುವೆ ಆಗ್ಬಿಡ್ತಿದ್ದೆ’ ಎಂದರು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಭಾವ ಕೊನೆಯಲ್ಲಿ ‘ಚೆನ್ನಾಗಿದೆ’ ಎಂದರು. ಮುದುಕಿ ಅಲ್ಲಿಗೆ ಸತ್ತಳು.

ಲಿಫ್ಟ್ ರಿಪೇರಿ ಮಾಡುವ ಅಣ್ಣತಮ್ಮಂದಿರ ಕಥೆಯ ಇನ್ನೊಂದು ಸಿನಿಮಾ ಬಂದಾಗ ಭಾವ ಬಹಳ ಹೊತ್ತು ತಲೆ ತಗ್ಗಿಸಿ ಕೂತಿದ್ದು, ‘ಪರವಾಗಿಲ್ಲ’ ಎಂದರು. ಆ ದಿನ ಯಾರೂ ತಮಾಷೆ ಮಾಡಲಿಲ್ಲ. ಇಪ್ಪತ್ತು ವರ್ಷದಲ್ಲಿ ಸಿನಿಮಾವೊಂದಕ್ಕೆ ಆ ಮಾತು ಬಂದದ್ದು ನಾಲ್ಕೇ ಸಲ.

ನನ್ನ ವಿಷಯವನ್ನೂ ಹೇಳಿಬಿಡಬೇಕು, ಇಲ್ಲವಾದರೆ ಮುಂದಿನದು ಅರ್ಥವಾಗುವುದಿಲ್ಲ. ಶಾಲೆಗಳಿಗೆ ಭೂಪಟ, ಗ್ಲೋಬು ಮಾರುವ ನಾನೂ ಒಂದು ಕಾಲದಲ್ಲಿ ಕ್ಯಾಮೆರಾ ಹಿಡಿದಿದ್ದೆ. ಅಂಚೆಯವನೊಬ್ಬನ ಮೇಲೆ ಇಪ್ಪತ್ತು ನಿಮಿಷದ ಸಿನಿಮಾ ಮಾಡಿ ಅದೇ ಗೋಡೆಯ ಮೇಲೆ ತೋರಿಸಿದ್ದೆ. ಭಾವ ಹೇಳಿದ್ದು: ‘ಚೆನ್ನಾಗಿದೆ ಕಣಯ್ಯಾ. ಸಂಗೀತಾನೂ ಚೆನ್ನಾಗಿದೆ.’ ಮಾರನೆಯ ದಿನ ಕ್ಯಾಮೆರಾ ಅಟ್ಟ ಸೇರಿತು. ಅವರ ಮೇಲೆ ಸಿಟ್ಟಿಲ್ಲ ಎಂದು ನಾನು ಎಲ್ಲರಿಗೂ ಹೇಳಿಕೊಂಡು ತಿರುಗಿದೆ. ಸಿಟ್ಟಿಲ್ಲದವನು ಹಾಗೆ ಹೇಳಿಕೊಂಡು ತಿರುಗುವುದಿಲ್ಲ.

ಅವರಿಗೆ ಒಬ್ಬಳೇ ಮಗಳು, ಪುಟ್ಟಿ. ಮಹಡಿಯಲ್ಲೇ, ಮಡಚುವ ಕುರ್ಚಿಗಳ ನಡುವೆ ಬೆಳೆದವಳು. ಏಳು ವರ್ಷದವಳಿದ್ದಾಗ ಬಣ್ಣದ ಪೆನ್ಸಿಲಿನಲ್ಲಿ ಅಮ್ಮನ ಚಿತ್ರ ಬರೆದು ತಂದಳು. ಭಾವ ‘ಚೆನ್ನಾಗಿದೆ’ ಎಂದರು. ಹುಡುಗಿ ಅದನ್ನು ಅಲ್ಲೇ ಹರಿದು, ಇನ್ನೊಂದು ಬರೆದು ತಂದಳು. ನಾಲ್ಕನೆಯದಕ್ಕೆ ‘ಪರವಾಗಿಲ್ಲ’ ಸಿಕ್ಕಿತು. ಅವಳು ಮೆಟ್ಟಿಲು ಇಳಿದು ಬೀದಿಯವರೆಗೆ ಕೂಗುತ್ತ ಓಡಿದಳು: ‘ಅಪ್ಪ ಪರವಾಗಿಲ್ಲ ಅಂದ! ಅಪ್ಪ ಪರವಾಗಿಲ್ಲ ಅಂದ!’ ಬೀದಿಯವರು, ಪಾಪ, ಏನೋ ಪೆಟ್ಟಾಗಿತ್ತು, ಈಗ ವಾಸಿಯಾಗಿದೆ ಎಂದುಕೊಂಡರು.

ಆ ಚಿತ್ರದಲ್ಲಿದ್ದ ಅಕ್ಕ ಪುಟ್ಟಿಯ ಕಾಲೇಜು ಮುಗಿಯುವ ಮುಂಚೆಯೇ ಹೋದಳು. ಪುಟ್ಟಿ ಬೇರೆ ಊರು ಸೇರಿ, ಬೇರೆಯವರ ಸಿನಿಮಾಗಳನ್ನು ಕತ್ತರಿಸಿ ಜೋಡಿಸುವ ಕೆಲಸ ಮಾಡುತ್ತ, ರಜೆಗಳನ್ನೆಲ್ಲ ಸುರಿದು ಆರು ವರ್ಷದಲ್ಲಿ ತನ್ನದೊಂದು ಸಿನಿಮಾ ಮುಗಿಸಿದಳು. ಒಂದು ಚಿತ್ರೋತ್ಸವದವರು ಪ್ರತಿ ಕಳಿಸಿ ಎಂದು ಕೇಳಿದ್ದರು, ತಿಂಗಳ ಕೊನೆಯೊಳಗೆ. ಅವಳು ನನಗೆ ಫೋನಿನಲ್ಲಿ ಹೇಳಿದಳು: ‘ಮಾಮ, ಮೊದಲು ಅಪ್ಪ ನೋಡ್ಲಿ. ಅಪ್ಪ ಪರವಾಗಿಲ್ಲ ಅಂದ್ರೆ ಕಳಿಸ್ತೀನಿ. ಇಲ್ಲಾಂದ್ರೆ ಇಲ್ಲ.’

‘ಹುಚ್ಚಿ, ಅವರೇನು ದೇವರಾ?’ ಎಂದೆ.

‘ನಂಗೆ ಸುಳ್ಳು ಹೇಳದೆ ಇರೋನು ಅವನೊಬ್ಬನೇ ಮಾಮ.’

ಭಾವ ಆ ವಾರ ಅಂಗಡಿ ಮುಚ್ಚಿ ತಾವೇ ಏಣಿ ಹತ್ತಿ ಗೋಡೆಗೆ ಸುಣ್ಣ ಬಳಿದರು. ಮೊದಲ ಸಲ ಹೊರಗಿನವರನ್ನು ಕರೆದರು. ಪತ್ರಿಕೆಗೆ ವಿಮರ್ಶೆ ಬರೆಯುವವರೊಬ್ಬರು, ಪಕ್ಕದ ಅಂಗಡಿಗಳವರು, ಕನ್ನಡಕದ ಹಳೆಯ ಗಿರಾಕಿಗಳು, ಎಲ್ಲ ಸೇರಿ ನಲವತ್ತು ಜನ. ಕುರ್ಚಿ ಸಾಲದೆ ಕಣ್ಣು ಪರೀಕ್ಷೆಯ ಕುರ್ಚಿಯನ್ನೂ ಹೊತ್ತು ಮೇಲಕ್ಕೆ ತಂದೆವು. ವಿಮರ್ಶಕರನ್ನು ಅದರಲ್ಲೇ ಕೂರಿಸಿದರು.

ಅವಳ ಸಿನಿಮಾ, ಆಸ್ಪತ್ರೆಯ ಬಟ್ಟೆ ಒಗೆಯುವ ಒಂದು ಕೋಣೆಯದು. ಅಲ್ಲಿ ಕೆಲಸ ಮಾಡುವ ಅತ್ತೆ ಸೊಸೆಗೆ ಮಾತಿಲ್ಲ. ಆದರೆ ದೊಡ್ಡ ಚಾದರಗಳನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರೂ ಎರಡು ತುದಿ ಹಿಡಿದು ದೂರ ನಿಲ್ಲುತ್ತಾರೆ, ಒದರುತ್ತಾರೆ, ಒಂದೊಂದು ಮಡಿಕೆಗೂ ಹತ್ತಿರ ಬರುತ್ತಾರೆ. ಕೊನೆಯ ಮಡಿಕೆಯಲ್ಲಿ ಬೆರಳಿಗೆ ಬೆರಳು ತಾಗುತ್ತದೆ. ಮುಖ ನೋಡದೆ ಬಿಡಿಸಿಕೊಂಡು ಇನ್ನೊಂದು ಚಾದರ ಎತ್ತುತ್ತಾರೆ. ಇಷ್ಟೇ. ಆ ದೃಶ್ಯ ನಡೆಯುವಾಗ ಪಕ್ಕದಲ್ಲಿ ಕೂತಿದ್ದ ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಗಾಜನ್ನಲ್ಲ, ಕಣ್ಣನ್ನು. ನಾನು ನೋಡಿದೆ. ನೋಡಿಯೂ ಮಾಡಿದ್ದನ್ನು ಈಗ ಹೇಳುತ್ತೇನೆ.

ಕಿಟಕಿಯ ಪರದೆ ಸರಿಸಿದರು. ಅಭಿಪ್ರಾಯಗಳು ಶುರುವಾದವು. ವಿಮರ್ಶಕರು ಎತ್ತರದ ಕುರ್ಚಿಯಿಂದ, ‘ಒಟ್ಟಾರೆಯಾಗಿ ಗತಿ ಸ್ವಲ್ಪ ನಿಧಾನ’ ಎಂದರು. ನಿಷಿದ್ಧ ಪದ ಕೇಳಿ ನಮ್ಮ ಸಾಲು ಮುಸಿಮುಸಿ ನಕ್ಕಿತು. ಮೇಡಂ, ‘ಚಾದರ ನಾನು ಮೆಚ್ಚಿದ ಜಾಗ. ಕೊನೇಲಿ ಸೊಸೆ ಅಳ್ತಾಳಲ್ಲ, ಅದು ಬೇಡವಾಗಿತ್ತು, ಅಷ್ಟು ಹೊತ್ತಿಗೆ ನಾವೇ ಅತ್ತಾಗಿತ್ತು’ ಎಂದರು. ಪುಟ್ಟಿ ಗೋಡೆಗೆ ಒರಗಿ ನಿಂತು ಎಲ್ಲರಿಗೂ ತಲೆಯಾಡಿಸುತ್ತಿದ್ದಳು. ಅವಳ ಕಣ್ಣು ಮಾತ್ರ ಒಂದೇ ಕಡೆ ಇತ್ತು.

ಭಾವ ಎದ್ದು ನಿಂತರು. ಇಪ್ಪತ್ತು ವರ್ಷದಲ್ಲಿ ಅವರು ಎದ್ದು ಮಾತಾಡಿದವರಲ್ಲ. ಹೊಸ ಷರ್ಟಿನ ಗುಂಡಿಯನ್ನು ಮುಟ್ಟಿಕೊಳ್ಳುತ್ತ, ನಲವತ್ತು ಜನಕ್ಕೂ ಕೇಳುವ ಹಾಗೆ ಹೇಳಿದರು: ‘ತುಂಬಾ ಚೆನ್ನಾಗಿದೆ. ನನ್ನ ಮಗಳ ಸಿನಿಮಾ ತುಂಬಾ ಚೆನ್ನಾಗಿದೆ.’

ನನ್ನ ಮೂಗಿನಿಂದ ಫುಸ್ಸೆಂದು ನಗು ಹೊರಬಿತ್ತು.

ತಡೆಯಬಹುದಿತ್ತು. ಅಭ್ಯಾಸಬಲ ಎಂದು ಆಮೇಲೆ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಮಾತು ಕೇಳಿದಾಗೆಲ್ಲ ನಾವು ನಕ್ಕವರೇ. ಆದರೆ ಒಳಗೆಲ್ಲೋ ನನ್ನ ಅಂಚೆಯವನು ಕೂತಿದ್ದ. ‘ನಿನಗೂ ಸಿಕ್ಕಿತಾ ಅಪ್ಪನಿಂದ, ತಗೋ’ ಎಂದು ಅವನೇ ನಕ್ಕದ್ದು. ನನ್ನ ಹಿಂದೆ ಹಳಬರೆಲ್ಲ ನಕ್ಕರು, ಕೆಲವರು ಬಾಯಿಗೆ ಕೈ ಅಡ್ಡ ಹಿಡಿದು. ಹೊರಗಿನವರು ಯಾಕೆಂದು ತಿಳಿಯದೆ ಚಪ್ಪಾಳೆ ತಟ್ಟಿದರು. ಪುಟ್ಟಿ ‘ಥ್ಯಾಂಕ್ಸ್ ಅಪ್ಪ’ ಎಂದು ಮುಗುಳ್ನಕ್ಕು, ಬಗ್ಗಿ, ಪ್ರೊಜೆಕ್ಟರಿನ ವೈರನ್ನು ಮೊಣಕೈಗೆ ಸುತ್ತತೊಡಗಿದಳು. ಬಹಳ ಅಚ್ಚುಕಟ್ಟಾಗಿ ಸುತ್ತಿದಳು. ಸಂಜೆಯ ಬಸ್ಸಿಗೇ ಹೊರಟುಹೋದಳು.

ಬೆಳಿಗ್ಗೆ ನಾನು ಹೋದಾಗ ಭಾವ ಖಾಲಿ ಅಂಗಡಿಯಲ್ಲಿ ಕೂತಿದ್ದರು. ಕುರ್ಚಿ ಇನ್ನೂ ಮಹಡಿಯಲ್ಲೇ ಇತ್ತು.

‘ನಾನೇನಯ್ಯಾ ತಪ್ಪು ಹೇಳಿದೆ?’

‘ಭಾವ, ನಿಮ್ಮ ಭಾಷೇಲಿ ಅದು ಬೈಗುಳ.’

‘ಅಲ್ವೋ, ಅಷ್ಟು ಜನ ಹೊರಗಿನವರಿದ್ರು. ಅವರ ಮುಂದೆ ಸ್ವಂತ ಮಗಳಿಗೆ ಪರವಾಗಿಲ್ಲ ಅನ್ನೋಕಾಗುತ್ತಾ? ಏನೋ ತಕ್ಕಮಟ್ಟಿಗಿದೆ ಅಂತ ತಿಳ್ಕೊಳ್ಳಲ್ವಾ ಅವರು? ಎಲ್ಲರಿಗೂ ಗೊತ್ತಾಗೋ ಹಾಗೆ ಒಂದ್ಸಲ ಬಾಯ್ತುಂಬಾ ಹೊಗಳೋಣ ಅಂತ...’ ಅವರ ದನಿ ಅಲ್ಲಿಗೆ ಒಡೆಯಿತು. ಅಕ್ಕ ಹೋದಾಗಲೂ ನನ್ನೆದುರು ಅತ್ತವರಲ್ಲ ಅವರು.

‘ಈಗಲೇ ಫೋನ್ ಮಾಡಿ ಹೇಳಿ,’ ಎಂದೆ.

ಮಾಡಿದರು. ಆ ಕಡೆಯ ಮಾತೂ ಕೇಳುವಷ್ಟು ನಿಶ್ಶಬ್ದವಾಗಿತ್ತು ಅಂಗಡಿ. ಭಾವ ಗಂಟಲು ಸರಿಮಾಡಿಕೊಂಡು, ಸಿನಿಮಾವೊಂದಕ್ಕೆ ತಮ್ಮ ಜೀವಮಾನದ ಐದನೆಯದನ್ನು ಆಡಿದರು: ‘ಪುಟ್ಟಿ... ಪರವಾಗಿಲ್ಲ ಕಣೇ. ನಿನ್ನ ಸಿನಿಮಾ, ಪರವಾಗಿಲ್ಲ.’

ಆ ಕಡೆಯಿಂದ ಅವಳು ಮೃದುವಾಗಿ, ದೊಡ್ಡವರು ಚಿಕ್ಕವರಿಗೆ ಹೇಳುವ ಹಾಗೆ, ‘ಪರವಾಗಿಲ್ಲ ಬಿಡಪ್ಪ’ ಎಂದಳು. ಫೋನು ಇಟ್ಟಳು.

ಭಾವ ನನ್ನ ಮುಖ ನೋಡಿದರು. ಒಂದು ರಾತ್ರಿ ತಡವಾದದ್ದಕ್ಕೆ ಅವರ ಅತಿ ದೊಡ್ಡ ಮಾತು ಬರೀ ಸಮಾಧಾನದ ಮಾತಾಗಿಹೋಗಿತ್ತು. ಅವರ ಬಳಿ ಇದ್ದದ್ದು ಎರಡೇ ಪದ. ಎರಡೂ ಖರ್ಚಾಗಿದ್ದವು.

‘ನೀನು ಹೇಳೋ,’ ಎಂದರು. ‘ನೀನು ಪಕ್ಕದಲ್ಲೇ ಇದ್ದೆ. ನೋಡಿದ್ದೀಯ.’

ಅಂದೇ ಪುಟ್ಟಿಗೆ ಫೋನು ಮಾಡಿ ಹೇಳಿದೆ. ಚಾದರದ ದೃಶ್ಯಕ್ಕೆ ನಿಮ್ಮಪ್ಪ ಅತ್ತರು, ನನ್ನ ಕಣ್ಣಾರೆ ಕಂಡೆ, ಆಣೆ ಇಡುತ್ತೇನೆ ಎಂದೆ. ಅವಳು ಕೊನೆಯವರೆಗೂ ಕೇಳಿಸಿಕೊಂಡಳು.

‘ನೀನು ನಕ್ಕೆಯಲ್ಲ ಮಾಮ.’

‘ಅದು ಸುಮ್ನೆ ಬಂದ ನಗು ಕಣೇ. ಅದಕ್ಕೇನು ಅರ್ಥ?’

‘ಇವತ್ತು ನೀವಿಬ್ರೂ ಮಾತಾಡಿಕೊಂಡು ನನ್ನ ಸಮಾಧಾನ ಮಾಡ್ತಿದ್ದೀರ. ನಿನ್ನೆ ನೀನು ಯೋಚನೆ ಮಾಡಿ ನಕ್ಕಿದ್ದಲ್ಲ. ಆ ಮಹಡೀಲಿ ನಂಗೆ ಸಿಕ್ಕಿದ ನಿಜ ಅದೊಂದೇ.’

ನಿನ್ನ ಮೇಲೆ ಹೊಟ್ಟೆಕಿಚ್ಚು ಇತ್ತು, ಅದಕ್ಕೇ ನಕ್ಕೆ ಎಂದಿದ್ದರೆ ಬಹುಶಃ ನಂಬುತ್ತಿದ್ದಳು. ಅದೊಂದು ಮಾತಿಗೆ ಅವಳ ಆರು ವರ್ಷ ಉಳಿಯುತ್ತಿತ್ತು. ನನ್ನ ಬಾಯಲ್ಲಿ ಅದು ಬರಲಿಲ್ಲ. ತಿಂಗಳ ಕೊನೆಯವರೆಗೂ ಸಮಯವಿತ್ತು; ದಿನಾ ಬೆಳಿಗ್ಗೆ ಇವತ್ತು ಹೇಳೋಣ ಎಂದುಕೊಂಡು, ಗ್ಲೋಬುಗಳ ಪೆಟ್ಟಿಗೆ ಹೊತ್ತು ಶಾಲೆಗಳಿಗೆ ಹೋದೆ. ತಿಂಗಳು ಮುಗಿಯಿತು. ಸಿನಿಮಾ ಎಲ್ಲಿಗೂ ಹೋಗಲಿಲ್ಲ.

ಭಾನುವಾರದ ಸಿನಿಮಾ ಭಾವ ನಿಲ್ಲಿಸಲಿಲ್ಲ. ತಮ್ಮ ಸರದಿ ಬಂದಾಗ ಮಾತ್ರ ‘ಮುಂದೆ’ ಎಂದು ಕೈ ಮಾಡುತ್ತಾರೆ. ಕೆಳಗಿನ ಕೋಣೆಯಲ್ಲಿ ಗಿರಾಕಿ ‘ಹಾಂ, ಪರವಾಗಿಲ್ಲ’ ಎಂದರೆ ಅವರ ಕೈ ಒಂದು ಕ್ಷಣ ಗಾಜಿನ ಮೇಲೆ ನಿಂತುಬಿಡುವುದನ್ನು ನೋಡಿದ್ದೇನೆ.

ಎರಡು ವರ್ಷದ ಮೇಲೆ ಪುಟ್ಟಿ ಮನೆಗೆ ಬಂದಳು. ಈಗ ಅವಳಿಗೆ ಒಳ್ಳೆಯ ಕೆಲಸ. ಫ್ಲಾಟು ಕಟ್ಟಿ ಮಾರುವವರಿಗೆ ಜಾಹೀರಾತು ಮಾಡಿಕೊಡುತ್ತಾಳೆ. ಮೈ ತುಂಬಿಕೊಂಡಿದ್ದಳು, ನಗುನಗುತ್ತಿದ್ದಳು, ನನಗೊಂದು ಷರ್ಟು ತಂದಿದ್ದಳು. ಅಪ್ಪನ ಎದುರು ಕೂತು ಫೋನು ಹಿಡಿದು, ‘ಹೊಸದು ನೋಡಪ್ಪ, ನಲವತ್ತೇ ಸೆಕೆಂಡು’ ಎಂದಳು. ಬಿಳಿ ಕೋಣೆ, ದೊಡ್ಡ ಕಿಟಕಿ. ಗಂಡ ಹೆಂಡತಿ ಹಲ್ಲು ಕಿರಿಯುತ್ತ ಒಂದು ಚಾದರವನ್ನು ಎರಡು ತುದಿ ಹಿಡಿದು ಗಾಳಿಗೆ ಹಾರಿಸಿ ಮಂಚಕ್ಕೆ ಹಾಸುತ್ತಾರೆ. ಮೇಲೆ ಫ್ಲಾಟಿನ ಹೆಸರು ಬರುತ್ತದೆ.

ಭಾವ ಕನ್ನಡಕ ಸರಿಮಾಡಿಕೊಂಡು ಎರಡು ಸಲ ನೋಡಿದರು. ಫೋನನ್ನು ಹಿಂದಕ್ಕೆ ಕೊಟ್ಟು, ‘ಚೆನ್ನಾಗಿದೆ’ ಎಂದರು.

‘ಗೊತ್ತಪ್ಪ,’ ಎಂದು ಪುಟ್ಟಿ ಅದನ್ನು ಚೀಲಕ್ಕೆ ಹಾಕಿಕೊಂಡಳು.

ಈ ಸಲ ಇಬ್ಬರಿಗೂ ಸರಿಯಾಗಿ ಅರ್ಥವಾಗಿತ್ತು. ನಾನು ನಗಲಿಲ್ಲ.