ತಿರುಗದ ನಡ

ಮುಂಜಾನೆ ಲಿಂಗಪೂಜೆ ಮುಗಿಸಿ ವಿಭೂತಿ ಧರಿಸಿದ ಮೇಲೆ ಸಿಟ್ಟು ಮಾಡಬಾರದು ಎಂದು ನನ್ನದೊಂದು ನೇಮ. ಹೋದ ಚಳಿಗಾಲದಲ್ಲಿ ಒಂದು ಪ್ಲಾಸ್ಟಿಕ್ ತಟ್ಟೆ ಆ ನೇಮವನ್ನು ದಿನಾ ಮುರಿಸಿತು.

ನನ್ನ ಮಗಳು ಜೇವರ್ಗಿಯ ಒಂದು ಶಾಲೆಯಲ್ಲಿ ಆಟದ ಟೀಚರು. ಅಫಜಲಪುರದ ನಮ್ಮ ಮನೆಯಿಂದ ಬಸ್ಸಿಗೆ ಹೋಗಿ ಬರುತ್ತಾಳೆ. ಅಲ್ಲಿಯ ಹುಡುಗಿಯರಿಗೆ ಡಿಸ್ಕ್ ಗಾಲ್ಫ್ ಕಲಿಸುತ್ತಿದ್ದಳು. ಕಂಬಕ್ಕೊಂದು ಕಬ್ಬಿಣದ ಬುಟ್ಟಿ, ಅದರ ಮೇಲೆ ಇಳಿಬಿಟ್ಟ ಸರಪಳಿ. ದೂರದಿಂದ ತಟ್ಟೆ ಎಸೆಯಬೇಕು, ಬಿದ್ದಲ್ಲಿಂದ ಮತ್ತೆ ಎಸೆದು ಬುಟ್ಟಿಗೆ ಹಾಕಬೇಕು. ಆಟ ಅಷ್ಟೇ. ಆದರೆ ಕೆಲವು ತಾಯಂದಿರು ಶಾಲೆಗೆ ಬಂದು, ಬೆಳೆದ ಹುಡುಗಿಯರು ಬಯಲಲ್ಲಿ ನಡ ತಿರುಗಿಸುವುದು ಚೆಂದವಲ್ಲ ಎಂದು ತಕರಾರು ತೆಗೆದರು. ಪಾಲಕರ ಸಭೆಯಲ್ಲಿ ತಾಯಂದಿರು ಒಪ್ಪಿದರೆ ಆಟ ನಡೆಯುತ್ತದೆ, ಇಲ್ಲದಿದ್ದರೆ ಬುಟ್ಟಿ ಕಿತ್ತುಬಿಡುತ್ತೇವೆ ಎಂದರಂತೆ ಹೆಡ್ ಮಾಸ್ತರು.

"ಅವ್ವಾ, ಸಭಾದಾಗ ಮೊದ್ಲ ನೀನ ಬುಟ್ಟಿಗಿ ತಾಟು ಒಗೀಬೇಕು," ಎಂದಳು ಮಗಳು. "ತಲಿ ಮ್ಯಾಲ ಸೆರಗು, ಹಣಿ ತುಂಬ ಇಬತ್ತಿ. ನಿನ್ನ ನೋಡಿದ್ರ ಯಾರೂ ಕೆಟ್ಟ ಆಟ ಅನ್ನಂಗಿಲ್ಲ."

"ನನ್ನ ಇಬತ್ತಿ ನಿನ್ನ ಆಟಕ್ಕ ಸರ್ಟಿಫಿಕೇಟ್ ಏನ್ ಬೇ?" ಎಂದೆ. ಆದರೂ ಒಪ್ಪಿದೆ.

ಹಿತ್ತಲಲ್ಲಿ ಕಲಿಕೆ ಶುರುವಾಯಿತು. ಗುರಿಗೆ ಓರೆಯಾಗಿ ನಿಂತು ಬಲಗಾಲು ಒಂದು ಹೆಜ್ಜೆ. ಅದರ ಹಿಂದಿನಿಂದ ದಾಟಿ ಎಡಗಾಲು. ಮತ್ತೆ ಬಲಗಾಲನ್ನು ಗಟ್ಟಿಯಾಗಿ ಊರಬೇಕು. ಊರಿದೊಡನೆ ನಡ ತಿರುಗಬೇಕು, ನಡದ ಹಿಂದೆ ಹೆಗಲು, ಕೈ ಎಲ್ಲಕ್ಕಿಂತ ಕಡೆಗೆ. ನನಗೆ ಕೈಯೇ ಮೊದಲು ಓಡುತ್ತಿತ್ತು. ಹಿಂದಿನಿಂದ ದಾಟುವ ಕಾಲು ನಿರಿಗೆ ತುಳಿಯುತ್ತಿತ್ತು. ಹೊಲಕ್ಕೆ ಹೋಗುವವರಂತೆ ಕಚ್ಚೆ ಹಾಕಿ ನೋಡಿದೆ. ಕಾಲಿಗೆ ಬಿಡುಗಡೆಯಾಯಿತು, ನಡಕ್ಕೆ ಆಗಲಿಲ್ಲ. ತಟ್ಟೆ ದಿನಾ ಎಡಕ್ಕೆ ಹಾರಿ ಪಕ್ಕದ ಮನೆಯವರು ಒಣಹಾಕಿದ ಮೆಣಸಿನಕಾಯಿ ಮೇಲೆ ಬೀಳುತ್ತಿತ್ತು.

"ಇವತ್ತೂ ಬಂತ್ ನೋಡ್ರಿ ನಿಮ್ಮ ಪರಾತ!" ಎಂದು ಆ ಮನೆಯಾಕೆ ಗೋಡೆಯಾಚೆಯಿಂದ ಕೂಗುತ್ತಿದ್ದಳು.

"ನಡ, ಅವ್ವಾ, ನಡ! ಜರಾ ತಿರಗಸು."

"ತಿರಗೂದಿದ್ರ ಇಷ್ಟೊತ್ತಿಗಿ ತಿರಗತಿರಲಿಲ್ಲೇನು? ಹಲ್ಲು ಕಚಗೊಂಡ್ ಮಾಡಾಕತ್ತೇನಿ, ಕಾಣಂಗಿಲ್ಲ?"

ಆಳಂದದ ಕಡೆಯ ನನ್ನ ತವರಲ್ಲಿ ನೀರು ದೂರವಿತ್ತು. ತಲೆಯ ಮೇಲೊಂದು ಕೊಡ, ಬಗಲಲ್ಲೊಂದು. ನಡ ಅಲುಗಿದರೆ ನೀರು ತುಳುಕಿ ಮೈಯೆಲ್ಲ ತೊಯ್ಯುತ್ತಿತ್ತು. ಕಾಲು ನಡೆಯಬೇಕು, ನಡ ನಿಲ್ಲಬೇಕು. ಈಗ ಮನೆಯೊಳಗೇ ನಳ ಬರುತ್ತದೆ, ಶಿವ ದೊಡ್ಡವನು. ಆದರೆ ಈ ನಡಕ್ಕೆ ಆ ಸುದ್ದಿ ಮುಟ್ಟಿಲ್ಲ. ಜಿಡಗಾ ಮಠಕ್ಕೆ ಹೋದಾಗ ಪಕ್ಕದವರು ಗದ್ದುಗೆಯ ಮುಂದೆ ಮಕ್ಕಳ ಲಗ್ನ ಬೇಡಿಕೊಳ್ಳುತ್ತಿದ್ದರು. ನಾನು ನಡ ತಿರುಗಲಿ ಎಂದು ಬೇಡಿಕೊಂಡೆ. ಬೇಡಿಕೊಂಡು ನಾಚಿಕೆಪಟ್ಟೆ.

ಸಭೆಯ ದಿನ ಶಾಲೆಯ ಬಯಲಲ್ಲಿ ತಕರಾರಿನ ಮುಂದಾಳು, ಹಸಿರು ಇಳಕಲ್ ಸೀರೆಯ ದಪ್ಪನೆಯ ಹೆಣ್ಣುಮಗಳು, ಮುಂದಿನ ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಮಗಳು ನನ್ನ ಕೈಗೆ ತಟ್ಟೆ ಕೊಟ್ಟಳು. ನಾನು ಶಿವನನ್ನು ನೆನೆದು ಹೆಜ್ಜೆಯಿಟ್ಟೆ. ಬಲ, ಎಡ, ಬಲ. ಕಾಲು ಸರಿಯಾಗಿಯೇ ಬಿತ್ತು. ನಡ ಕಲ್ಲಾಗಿತ್ತು. ತಟ್ಟೆ ನೆಲಕ್ಕೆ ಬಡಿದು, ಗಾಲಿಯಂತೆ ಉರುಳುತ್ತ ಹೆಡ್ ಮಾಸ್ತರ ಕುರ್ಚಿಯ ಕೆಳಗೆ ಹೋಯಿತು. ಎಲ್ಲರೂ ನಕ್ಕರು. ಮತ್ತೊಂದು ಎಸೆದೆ, ಅದೂ ಹಾಗೆಯೇ.

"ಅಕ್ಕಾರ, ಏನ್ ಗೂಟ ನಿಂತಂಗ ನಿಂತೀರಿ! ನಡ ತಿರಗಸ್ರೀ, ನಡ!"

ಕೂಗಿದವಳು ಆ ಹಸಿರು ಸೀರೆಯವಳೇ.

"ಕುಂತ್ ಹೇಳೂದು ಹಗುರ ಅದ. ನೀವ ಬಂದು ತಿರಗಸ್ರಿ!" ಎಂದೆ. ಜಾಣತನದ ಮಾತಲ್ಲ ಅದು, ಹೊಟ್ಟೆಯುರಿಯ ಮಾತು.

ಅವಳು ಸೆರಗು ಸಿಕ್ಕಿಸಿಕೊಂಡು ಎದ್ದೇ ಬಂದಳು. ಹೆಜ್ಜೆಯೆಲ್ಲ ತಪ್ಪು. ಆದರೆ ಜೋಳದ ಕಣಿಕೆಯ ಸೂಡನ್ನು ಬಂಡಿಗೆ ಎಸೆಯುವವರ ಹಾಗೆ ನಡ ಗರ್ರನೆ ತಿರುಗಿತು. ತಟ್ಟೆ ಹೋಗಿ ಸರಪಳಿಗೆ ಬಡಿದು ಝಣ್ ಎಂದಿತು. ಅವಳ ಮಗಳೇ ಮೊದಲು ಚಪ್ಪಾಳೆ ತಟ್ಟಿದಳು. ಆಮೇಲೆ "ನನಗೊಂದು ಕೊಡ್ರಿ," "ಸರೀರಿ ಜರಾ, ನಂದು ಪಾಳಿ" ಎಂದು ತಾಯಂದಿರೇ ನೂಕಾಡತೊಡಗಿದರು. ಬುಟ್ಟಿ ಇದ್ದಲ್ಲೇ ಇರಲಿ ಎಂದರು ಹೆಡ್ ಮಾಸ್ತರು.

"ನೀ ಛಲೋ ಒಗದಿದ್ರ ಅವರು ಎದ್ದು ಬರ್ತಿದ್ದಿಲ್ಲ ಬೇ, ಅವ್ವಾ," ಎಂದಳು ಮಗಳು, ಬಸ್ಸಿನಲ್ಲಿ.

ಅದೇನು ಹೊಗಳಿಕೆಯೋ ಏನೋ. ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು, ಹುಡುಗಿಯರ ಆಟ ಉಳಿದಿತ್ತು, ಅಷ್ಟಕ್ಕೂ ಕೈಮುಗಿದೆ. ಆದರೆ ಇಷ್ಟು ದಿನ ಬೆವರು ಸುರಿಸಿದ್ದು ನಾಲ್ಕು ಜನರ ಮುಂದೆ ಸೋಲುವುದಕ್ಕೇ ಏನು ಎಂಬ ಸಿಟ್ಟು ಊರು ಮುಟ್ಟಿದರೂ ಇಳಿಯಲಿಲ್ಲ.

"ನಾಳಿ ಒಂದು ತಾಟು ಮನ್ಯಾಗ ಬಿಟ್ಟು ಹೋಗು," ಎಂದೆ ಮಗಳಿಗೆ.