ಓರಗಿತ್ತಿಗೆ ಬಾರದ ಸೀನು

ಹನಗೋಡಿನ ನಮ್ಮ ಚೆಂಡುಹೂವಿನ ಹೊಲದ ಬದುವಿನಲ್ಲಿ ಓರಗಿತ್ತಿ ಸೆರಗಿನ ಗಂಟು ಬಿಚ್ಚಿ ಒಂದು ಮಾತ್ರೆ ಬಾಯಿಗೆ ಹಾಕಿಕೊಂಡಳು. ಸೀನು ಶುರುವಾದ ಮೇಲೆ ನಾನು ನುಂಗುವ ಅದೇ ಮಾತ್ರೆ.

ಹೂವು ಬಿಡಿಸುವಾಗ ಪರಾಗದ ಧೂಳಿಗೆ ನನಗೆ ಕಣ್ಣುರಿ, ಸೀನಿನ ಮೇಲೆ ಸೀನು. ಅವಳು ಮೂಗೂ ಒರೆಸದೆ ಮಂಕರಿ ತುಂಬಿಸುತ್ತಿದ್ದಳು. ಚಿಕ್ಕ ಸೊಸೆಯೇ ಗಟ್ಟಿಗಿತ್ತಿ ಎಂದು ಅತ್ತೆ ಊರಿಗೆಲ್ಲ ಹೇಳುವಾಗ, ಇವಳಿಗೂ ಒಂದು ಸೀನು ಬರಬಾರದೇ ಎಂದು ನನಗೆ ಹೊಟ್ಟೆ ಉರಿಯುತ್ತಿತ್ತು.

ಸಿಕ್ಕಿಬಿದ್ದವಳು, “ಅತ್ತೆಮ್ಮಂಗೆ ಯೋಳ್ಬೇಡ ಕಣಕ್ಕ, ನನ್ನನ್ನ ಇದುವರ್ಗೂ ಯಾರೂ ಇಂಗೆ ಒಗಳಿಲ್ಲ” ಎಂದಳು.

ಈಗ ಇಬ್ಬರೂ ಮೊದಲೇ ಮಾತ್ರೆ ನುಂಗಿ ಹೊಲಕ್ಕಿಳಿಯುತ್ತೇವೆ. ನನ್ನ ಸೀನು ನಿಂತಿದೆ. ಅದಕ್ಕೂ ಅತ್ತೆ ಹೊಗಳುವುದು ಅವಳನ್ನೇ: “ಚಿಕ್ಕೋಳ ಜೊತೆ ಸೇರಿ ದೊಡ್ಡೋಳೂ ಗಟ್ಟಿಯಾದ್ಲು ಕಣ.”